ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಬದಲಿಸಿದರೆ ಪಿಕಪ್‌ಗೆ ಮೈಲೇಜ್ ಬರುತ್ತದಾ? ಮಾಡಿಸಿದವರು ಹೇಳಿ

ಕೇಳಿದವರು: ತಿಕೋಟಾದಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಐದು ವರ್ಷದ ಡೀಸೆಲ್ ಪಿಕಪ್. ತಿಕೋಟಾ ಕಡೆಯಿಂದ ಒಣದ್ರಾಕ್ಷಿ ತುಂಬಿಕೊಂಡು ಸಾಂಗ್ಲಿ, ತಾಸಗಾಂವ್‌ಗೆ ಹೋಗುತ್ತೇನೆ. ಬರುವಾಗ ಬಹಳ ಸಲ ಗಾಡಿ ಖಾಲಿ. ಐದನೇ ಗೇರ್‌ನಲ್ಲಿ 80 ದಾಟಿದರೆ ಇಂಜಿನ್ ಕೂಗುತ್ತದೆ. ಇನ್ನೊಂದು ಗೇರ್ ಇರಬೇಕಿತ್ತು ಅನ್ನಿಸುತ್ತದೆ. ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್‌ನಲ್ಲಿ (ಶಾಫ್ಟ್‌ನ ಸುತ್ತನ್ನು ಚಕ್ರಕ್ಕೆ ಕೊಡುವ ಹಲ್ಲಿನ ಗೇರ್ ಜೋಡಿ) 4.3 ರೇಶಿಯೊ ಇದೆಯಂತೆ, ಅಂದರೆ ಶಾಫ್ಟ್ 4.3 ಸುತ್ತಿಗೆ ಚಕ್ರ ಒಂದು ಸುತ್ತು. ಅದನ್ನು ತೆಗೆದು 3.9 ಹಾಕಿಸಿದರೆ ಮೈಲೇಜ್ ಏರುತ್ತದೆ ಎಂದು ಮಿಸ್ತ್ರಿ ಹೇಳುತ್ತಾರೆ. ಖರ್ಚು 30 ಸಾವಿರದ ಹತ್ತಿರ. ಈಗ ಲೀಟರ್‌ಗೆ 12ರಿಂದ 13 ಸಿಗುತ್ತಿದೆ. ತಿಂಗಳಿಗೆ 4,000 ಕಿ.ಮೀ. ಓಡುತ್ತದೆ. ಮಾಡಿಸಿದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ. ಸಾಲ ಮಾಡಿ ಹಾಕಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಕೊಲ್ಹಾರದಿಂದ

ತಮ್ಮಾ, ನಾನು ಇದನ್ನೇ ಮಾಡಿಸಿದ್ದೇನೆ. 43 ಹಲ್ಲಿನ ಕ್ರೌನ್, 10 ಹಲ್ಲಿನ ಪಿನಿಯನ್ ಇತ್ತು. ತೆಗೆಸಿ 39ಕ್ಕೆ 10ರ ಜೋಡಿ ಹಾಕಿಸಿದೆ. ಎರಡೂವರೆ ವರ್ಷ ಆಯಿತು. ಮೈಲೇಜ್ ಬಂತು. ಆದರೆ ಬಂದಿದೆ ಎಂದು ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆ ಕಥೆಯನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಹಾಕಿಸಿದವರೆಲ್ಲ ಎಡವುವುದು ಅಲ್ಲೇ.

ನನ್ನದು ಉಳ್ಳಾಗಡ್ಡಿ ಬಾಡಿಗೆ. ಕೊಲ್ಹಾರದಿಂದ ವಿಜಯಪುರ ದಾಟಿ ಸೊಲ್ಲಾಪುರಕ್ಕೆ, 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಹೋಗುವಾಗ ಲೋಡ್, ಬರುವಾಗ ಖಾಲಿ. ಹಳೆ ಗೇರ್ ಇದ್ದಾಗ ಮೂರು ತಿಂಗಳು ಡೈರಿ ಬರೆದಿದ್ದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಸರಾಸರಿ 13 ಬರುತ್ತಿತ್ತು. ಹೊಸ ಜೋಡಿ ಹಾಕಿಸಿ ಮೊದಲ ಸಲ ಲೆಕ್ಕ ಹಾಕಿದೆ. ಮೀಟರ್ 500 ಕಿ.ಮೀ. ತೋರಿಸಿತ್ತು, ಡೀಸೆಲ್ 40.2 ಲೀಟರ್ ಹಿಡಿಯಿತು. ಅಂದರೆ 12.4. ಎದೆ ಧಸಕ್ಕೆಂದಿತು. ಸಾಲದ ದುಡ್ಡು ಹಾಕಿ ಮೈಲೇಜ್ ಕಡಿಮೆ ಮಾಡಿಕೊಂಡೆನಲ್ಲ ಎಂದು ಮಿಸ್ತ್ರಿ ಜೊತೆ ಜಗಳ ಆಡಿದೆ.

ಎರಡು ತಿಂಗಳ ಮೇಲೆ ಒಂದು ಸಲ ಮಗ ಜೊತೆಗೆ ಬಂದಿದ್ದ. ಅವನ ಫೋನ್‌ನಲ್ಲಿ ಮ್ಯಾಪ್ ಹಾಕಿದ್ದ. ಫೋನ್ 100 ಕಿ.ಮೀ. ತೋರಿಸುವ ಹೊತ್ತಿಗೆ ನಮ್ಮ ಮೀಟರ್ 91ರ ಹತ್ತಿರ ಇತ್ತು. ಆಗ ಗುಟ್ಟು ತಿಳಿಯಿತು. ನನ್ನ ಗಾಡಿಯಲ್ಲಿ ಮೀಟರ್‌ನ ಸೆನ್ಸರ್ ಇರುವುದು ಗೇರ್‌ಬಾಕ್ಸ್ ಹಿಂಭಾಗದಲ್ಲಿ. ಅದು ಎಣಿಸುವುದು ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಜಾಯಿಂಟ್ ಶಾಫ್ಟ್‌ನ ಸುತ್ತು, ಚಕ್ರದ ಸುತ್ತಲ್ಲ. ಶಾಫ್ಟ್ 4.3 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಎಂದು ಅದರ ಲೆಕ್ಕ. ಈಗ 3.9 ಸುತ್ತಿಗೇ ಚಕ್ರ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ಮೀಟರ್‌ನಲ್ಲಿ ಓಡಿದ ದೂರವೇ ಕಡಿಮೆ ಬೀಳುತ್ತದೆ. 500ನ್ನು 4.3ರಿಂದ ಗುಣಿಸಿ 3.9ರಿಂದ ಭಾಗಿಸಿದರೆ 551. ಅದನ್ನು 40.2ರಿಂದ ಭಾಗಿಸಿದರೆ 13.7. ಮಿಸ್ತ್ರಿ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ.

ಇನ್ನೊಂದು ಅಪಾಯವೂ ಇದರಲ್ಲೇ ಇದೆ. ಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 88ರಲ್ಲಿ ಓಡುತ್ತಿತ್ತು. ಎರಡು ತಿಂಗಳು ಗೊತ್ತಿಲ್ಲದೆ ಹಾಗೆ ಓಡಿಸಿದೆ. ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಅದೇ ಸೆನ್ಸರ್‌ನಿಂದ ವೇಗ ಓದುವಂಥದ್ದಾದರೆ ಅದರ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಗೇರ್ ಬದಲಿಸಿದ ದಿನವೇ ಮೀಟರ್ ಸರಿಮಾಡಿಸಲೇಬೇಕು. ಚಕ್ರದ ಸುತ್ತನ್ನೇ ಎಣಿಸುವ ಎಬಿಎಸ್ (ಬ್ರೇಕ್) ಸೆನ್ಸರ್‌ನಿಂದ ವೇಗ ಓದುವ ಗಾಡಿಗೆ ಈ ತೊಂದರೆ ಇಲ್ಲ. ನಿನ್ನದು ಯಾವುದು ಎಂದು ಮೊದಲು ನೋಡಿಕೋ.

ಇಂಜಿನ್ ಕೂಗುವ ವಿಷಯ. 215/75 ಆರ್15 ಟೈರ್ ಲೋಡ್ ಬಿದ್ದಾಗ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿ.ಮೀ. ಓಡಲು ಚಕ್ರ ನಿಮಿಷಕ್ಕೆ 620 ಸುತ್ತು ತಿರುಗಬೇಕು. 4.3 ಇದ್ದರೆ ಶಾಫ್ಟ್ 2,666 ಸುತ್ತು, 3.9 ಇದ್ದರೆ 2,418. ಐದನೇ ಗೇರ್ 0.8, ಅಂದರೆ ಶಾಫ್ಟ್‌ನ ಒಂದು ಸುತ್ತಿಗೆ ಇಂಜಿನ್ 0.8 ಸುತ್ತು, ಎಂದು ಹಿಡಿದರೆ ಇಂಜಿನ್ 2,133ರಿಂದ 1,934ಕ್ಕೆ ಇಳಿಯುತ್ತದೆ. ಇಳಿದದ್ದು ಅಷ್ಟೇ, 200 ಆರ್‌ಪಿಎಂ. ಸುತ್ತು ಕಡಿಮೆಯಾದರೆ ಇಂಜಿನ್ ಒಳಗಿನ ತಿಕ್ಕಾಟ ಕಡಿಮೆಯಾಗುತ್ತದೆ, ಉಳಿಯುವುದು ಆ ಡೀಸೆಲ್ ಮಾತ್ರ. ಗಾಳಿ ಸೀಳಲು, ಲೋಡ್ ಎಳೆಯಲು ಬೇಕಾದ ಶಕ್ತಿ ಮೊದಲಿನಷ್ಟೇ ಬೇಕು. ಅದಕ್ಕೇ ರೇಶಿಯೊ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಬದಲಾದರೂ ಮೈಲೇಜ್ ನನಗೆ ಐದು ಪರ್ಸೆಂಟ್ ಮಾತ್ರ ಏರಿತು.

ದುಡ್ಡಿನ ಲೆಕ್ಕಕ್ಕೆ ಬಾ. ತಿಂಗಳಿಗೆ 4,000 ಕಿ.ಮೀ. ಎಂದರೆ 13ರಲ್ಲಿ 308 ಲೀಟರ್ ಬೇಕು, 13.7ರಲ್ಲಿ 292. ಉಳಿಯುವುದು 16 ಲೀಟರ್. ಲೀಟರ್‌ಗೆ 90 ರೂಪಾಯಿ ಹಿಡಿದರೂ 1,400 ಚಿಲ್ಲರೆ. 30 ಸಾವಿರ ಮರಳಿ ಬರಲು ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಇದರ ಮೇಲೆ ಬಡ್ಡಿ ಬೇರೆ. ನನ್ನ ದಾರಿ ಸಪಾಟು, ಅರ್ಧ ಓಟ ಖಾಲಿ, ಆದ್ದರಿಂದ ಇಷ್ಟಾದರೂ ಬಂತು. ಮಳೆಗಾಲದಲ್ಲಿ ಎರೆ ಹೊಲದಿಂದ ಲೋಡ್ ಗಾಡಿ ಹೊರಗೆ ತರುವಾಗ ಮಾತ್ರ ಹಳೆ ಗೇರ್ ನೆನಪಾಗುತ್ತದೆ. ಫಸ್ಟ್ ಗೇರ್‌ಗೂ ಎಳೆಯುವ ಬಲ ಹತ್ತು ಪರ್ಸೆಂಟ್ ಕಡಿಮೆ ಆಯಿತಲ್ವಾ. ಅರ್ಧ ಕ್ಲಚ್ ಜಾಸ್ತಿ ಹಿಡಿಯಬೇಕಾಗುತ್ತದೆ.

ಬೆಳಗಾವಿಯಿಂದ

ನಾನು ಹಾಕಿಸಿ ಎಂಟು ತಿಂಗಳಿಗೆ ವಾಪಸ್ ತೆಗೆಸಿದವನು. ರಾತ್ರಿ ತರಕಾರಿ ತುಂಬಿಕೊಂಡು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವುದು ನನ್ನ ಕೆಲಸ. ಘಾಟ್ ಹತ್ತುವುದು ಕಷ್ಟ ಆಗಬಹುದು ಎಂದು ಎಲ್ಲರೂ ಎಚ್ಚರಿಸಿದ್ದರು. ಬರುವಾಗ ಗಾಡಿ ಖಾಲಿ ಇರುತ್ತದೆ, ಹತ್ತಿಸಿಕೊಂಡು ಬರುತ್ತೇನೆ ಎಂದುಕೊಂಡೆ. ಅದು ಅಷ್ಟೇನೂ ತೊಂದರೆ ಕೊಡಲಿಲ್ಲ. ಮೊದಲು ನಾಲ್ಕನೇ ಗೇರ್‌ನಲ್ಲಿ ಹತ್ತುತ್ತಿದ್ದ ಕಡೆ ಮೂರನೇ ಗೇರ್ ಬೇಕಾಯಿತು, ಅಷ್ಟೇ. ಆದರೆ ಹಾಗೆ ಗೇರ್ ಇಳಿಸಿದ ಕ್ಷಣ ಆರ್‌ಪಿಎಂ ಮತ್ತೆ ಏರುತ್ತದೆ, ಉಳಿತಾಯ ಅಲ್ಲೇ ಮುಗಿಯಿತು.

ನಾನು ಯೋಚಿಸದೆ ಇದ್ದದ್ದು ಇಳಿಜಾರು. ಪೂರ್ತಿ ಲೋಡ್ ಇರುವುದು ಇಳಿಯುವಾಗ. ಮೊದಲು ಎರಡನೇ ಗೇರ್‌ನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತಿತ್ತು. 3.9 ಹಾಕಿಸಿದ ಮೇಲೆ ಎರಡನೇ ಗೇರ್‌ನಲ್ಲಿ ಗಾಡಿ ಓಡಿ ಹೋಗುತ್ತದೆ, ಒಂದನೇ ಗೇರ್‌ನಲ್ಲಿ ತೀರಾ ತೆವಳುತ್ತದೆ. ಮಧ್ಯೆ ಕಾಲು ಬ್ರೇಕ್ ಮೇಲೇ ಇರಬೇಕು. ಜುಲೈ ತಿಂಗಳು, ಮಂಜು, ಮಳೆ, ಮೂರನೇ ತಿರುವಿಗೇ ಬ್ರೇಕ್ ಲೈನರ್ ಸುಟ್ಟ ವಾಸನೆ. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಆರಲು ಬಿಟ್ಟೆ. ಜೊತೆಗೆ ತಮ್ಮ ಇದ್ದ, ಅವನ ಮುಖ ನೋಡಿ ಅವತ್ತೇ ತೀರ್ಮಾನ ಮಾಡಿದೆ. ಘಾಟ್ ಕೆಲಸ ಇರುವವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಅಂಬೋಲಿ ಕಡೆ ಹೋಗುವವರಿಗೂ ಇದೇ ಮಾತು.

ಹಳೆ ಜೋಡಿಯನ್ನು ಗುಜರಿಗೆ ಕೊಡದೆ ಆಯಿಲ್ ಹಚ್ಚಿ ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದೆ. ಅದು ಕೈ ಹಿಡಿಯಿತು.

ಬೆಳಗಾವಿ ಉದ್ಯಮಬಾಗ್‌ನಿಂದ

ನಾನು ಗೇರ್ ಕೆಲಸದವನು. ಮೇಲಿನವರು ಹೇಳಿದ್ದರಲ್ಲಿ ಜೋಡಿಸುವ ವಿಷಯ ಬಂದಿಲ್ಲ. ದುಡ್ಡು ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಕ್ರೌನ್ ಮತ್ತು ಪಿನಿಯನ್ ಹುಟ್ಟಿನಿಂದ ಜೋಡಿ. ಎರಡನ್ನೂ ಒಂದರ ಮೇಲೊಂದು ತಿರುಗಿಸಿ ಹಲ್ಲು ನಯ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತಾರೆ. ಹಳೆ ಸಾಮಾನಿನ ಅಂಗಡಿಯಲ್ಲಿ ತಂದರೆ ಆ ನಂಬರ್ ಹೊಂದುತ್ತದಾ ನೋಡಿ. ಹೊಂದದಿದ್ದರೆ ಎಷ್ಟು ಅಗ್ಗ ಇದ್ದರೂ ಬೇಡ. ಹಾಕುವಾಗ ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್, ಅಂದರೆ ತೆಳುವಾದ ಲೋಹದ ಬಿಲ್ಲೆ, ನಿರ್ಧರಿಸುತ್ತದೆ. ಹಳೆ ಶಿಮ್ ಅನ್ನೇ ಕಣ್ಣು ಮುಚ್ಚಿ ಹಾಕುವ ಮಿಸ್ತ್ರಿ ಹತ್ತಿರ ಈ ಕೆಲಸ ಕೊಡಬೇಡಿ. ಹಲ್ಲಿನ ಮಧ್ಯದ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವ ಅಳತೆಯನ್ನೇ ಹಿಡಿಯಬೇಕು. ಇದನ್ನು ಕೈಯಲ್ಲಿ ಅಲ್ಲಾಡಿಸಿ ಹೇಳಲು ಬರುವುದಿಲ್ಲ, ಡಯಲ್ ಗೇಜ್ ಬೇಕು. ಆಮೇಲೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುಭಾಗದಲ್ಲಿ ಬೀಳುತ್ತದಾ ನೋಡಬೇಕು. ಅಂಚಿನಲ್ಲಿ ಬಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ಒಂದು ದಿನದ ಕೆಲಸ ಇದು, ಎರಡು ಗಂಟೆಯದಲ್ಲ. ಸರಿ ಕೂರದಿದ್ದರೆ 60ರ ಮೇಲೆ ಹಿಂದಿನಿಂದ ಊಳಿಡುವ ಸದ್ದು ಬರುತ್ತದೆ. ಆ ಸದ್ದು ಬಂದ ಜೋಡಿ ಜಾಸ್ತಿ ದಿನ ಬಾಳುವುದಿಲ್ಲ.

ಬೇರಿಂಗ್, ಸೀಲ್ ಹೊಸದೇ ಹಾಕಿ. ಪಿನಿಯನ್ ಬೇರಿಂಗ್‌ಗಳ ಮಧ್ಯೆ ಬಿಗಿದಾಗ ಕುಗ್ಗುವ ಸ್ಪೇಸರ್ (ಕೊಳವೆ) ಇದ್ದರೆ ಅದೂ ಹೊಸದು, ಹಳೆಯದು ಎರಡನೇ ಸಲ ಬರುವುದಿಲ್ಲ. ಗೇರ್ ಆಯಿಲ್ ಜಿಎಲ್-5 ದರ್ಜೆಯದು. ಮೊದಲ 800 ಕಿ.ಮೀ. ಹಗುರ ಲೋಡ್, ನಂತರ ಆಯಿಲ್ ಬದಲಿಸಿ. ವಾರಂಟಿ ಇರುವ ಗಾಡಿ ಆದರೆ ಈ ಕೆಲಸ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯ ವಿವರಕ್ಕೆ ಹೊಂದದ ಮಾರ್ಪಾಡಿಗೆ ತಡೆ ಹಾಕುತ್ತದೆ. ಆಕ್ಸಲ್ ರೇಶಿಯೊ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಆದರೂ ವಿಮೆಯವರನ್ನು ಒಂದು ಮಾತು ಕೇಳಿಕೊಳ್ಳಿ.

ಕೊನೆಗೆ ಒಂದು ಪ್ರಶ್ನೆ. 4.3 ಇದೆಯಂತೆ ಎಂದಿರಿ. ಎಣಿಸಿದ್ದೀರಾ? ಸುಲಭ ಇದೆ. ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಶಾಫ್ಟ್‌ಗೆ ಚಾಕ್‌ಪೀಸ್‌ನಿಂದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನಿಂತಿರುವುದರಿಂದ ಕ್ರೌನ್ ಅದರ ಅರ್ಧ, ಅಂದರೆ 10 ಸುತ್ತು ತಿರುಗುತ್ತದೆ. ಶಾಫ್ಟ್ 43 ಸುತ್ತು ಬಂದರೆ 4.3.

ಇಂಡಿಯಿಂದ

ನಮ್ಮದು ಲಿಂಬೆಹಣ್ಣಿನ ಗಾಡಿ. ಓಡಿಸುವುದು ನಮ್ಮ ಮನೆಯವರು, ಡೀಸೆಲ್ ಲೆಕ್ಕ ಬರೆಯುವುದು ನಾನು. ನಾಲ್ಕು ವರ್ಷದ ಪುಸ್ತಕ ಇದೆ. ನಾವು ಗೇರ್ ಮುಟ್ಟಿಲ್ಲ. 90ರಲ್ಲಿ ಓಡಿಸುತ್ತಿದ್ದವರು 70ಕ್ಕೆ ಇಳಿಸಿದರು, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಒಂದೂವರೆ ಕಿ.ಮೀ. ಜಾಸ್ತಿ ಆಯಿತು. ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತದೆ. 70ರಲ್ಲಿ ಇದ್ದದ್ದು 90ರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಮ್ಮ ಬಯಲು ಸೀಮೆಯಲ್ಲಿ ಎದುರು ಗಾಳಿ ಬಿಟ್ಟ ದಿನ ಪುಸ್ತಕದಲ್ಲೇ ಗೊತ್ತಾಗುತ್ತದೆ. ಖಾಲಿ ಬರುವಾಗ ತಾಡಪತ್ರಿಯನ್ನು ಬಿಚ್ಚಿ ಮಡಚಿ ಇಡುತ್ತಾರೆ, ಪಟಪಟ ಹೊಡೆದುಕೊಳ್ಳಲು ಬಿಡುವುದಿಲ್ಲ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡುತ್ತಾರೆ. ಇದಕ್ಕೆಲ್ಲ ಒಂದು ರೂಪಾಯಿ ಸಾಲ ಬೇಕಿಲ್ಲ ಅಣ್ಣಾ. ಮೊದಲು ಒಂದು ತಿಂಗಳು ಹೀಗೆ ಮಾಡಿ ಬರೆದು ನೋಡಿ.

ಕೇಳಿದವರು: ತಿಕೋಟಾದಿಂದ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಚಕ್ರ ಎತ್ತಿ ಎಣಿಸಿದೆ. ತಮ್ಮ ಶಾಫ್ಟ್ ನೋಡಿದ, ನಾನು ಚಕ್ರ ತಿರುಗಿಸಿದೆ. ಮೂರು ಸಲ ಎಣಿಸಿದರೂ 41. ಅಂದರೆ ನನ್ನದು 4.1, 4.3 ಅಲ್ಲವೇ ಅಲ್ಲ. ಕೊಲ್ಹಾರದ ಕಾಕಾ, ನಿಮ್ಮ ಲೆಕ್ಕದ ಪ್ರಕಾರ 4.1ರಿಂದ 3.9ಕ್ಕೆ ಹೋದರೆ ಐದು ಪರ್ಸೆಂಟ್ ಬದಲಾವಣೆ ಅಷ್ಟೇ. ನಿಮಗೆ ಸಿಕ್ಕದ್ದರ ಅರ್ಧ ಸಿಗಬಹುದು. 30 ಸಾವಿರ ಮರಳಿ ಬರಲು ನಾಲ್ಕು ವರ್ಷ ಹತ್ತಿರ ಹಿಡಿಯುತ್ತದೆ. ಗೇರ್ ಹಾಕಿಸುವುದನ್ನು ಬಿಟ್ಟೆ.

ಎಣಿಸುವಾಗ ಇನ್ನೊಂದು ವಿಷಯ ತಿಳಿಯಿತು. ಎಡಗಡೆ ಚಕ್ರ ಬಿಗಿಯಾಗಿ ತಿರುಗುತ್ತಿತ್ತು, ಬಲಗಡೆಯದನ್ನೂ ಎತ್ತಿ ನೋಡಿದರೆ ಅದು ಹಗುರ. ಎಡಗಡೆ ಡ್ರಮ್ ಮುಟ್ಟಿದರೆ ಬಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟರೂ ಲೈನರ್ ಹಿಡಿದುಕೊಂಡೇ ಇದೆ. ಎಷ್ಟು ತಿಂಗಳಿಂದ ಹೀಗೆ ಓಡಿಸುತ್ತಿದ್ದೇನೋ. ನಾಳೆ ಡ್ರಮ್ ಬಿಚ್ಚಿಸಿ, ಟ್ಯಾಂಕ್ ಫುಲ್ ಮಾಡಿಸಿ, ಇಂಡಿಯ ಅಕ್ಕಾರ ಹಾಗೆ ಪುಸ್ತಕ ಶುರು ಮಾಡುತ್ತೇನೆ.