ಪ್ರಶ್ನೋತ್ತರ: ಕೊರೊನಾ ಕಾಲ ಮತ್ತು ಕಾಲೇಜು ಮಕ್ಕಳ ಮನಸ್ಸು
(ಕಾಸರಗೋಡಿನ ಕನ್ನಡ ಪೋಷಕರು, ವಿದ್ಯಾರ್ಥಿಗಳ ಗುಂಪು. ಆಗಸ್ಟ್ 2021)

ಬದಿಯಡ್ಕದ ಬಿಕಾಂ ವಿದ್ಯಾರ್ಥಿ: ರಾತ್ರಿ ಮೂರಾದರೂ ನಿದ್ದೆ ಬರಲ್ಲ ಮೇಡಂ.

ಕೌನ್ಸೆಲರ್: ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಆನ್‌ಲೈನ್ ಕ್ಲಾಸನ್ನು ಹಾಸಿಗೆಯಲ್ಲಿ ಕೂತು ಕೇಳಬೇಡಿ.

ಕುಂಬಳೆಯ ಸದಸ್ಯ: ಫಾರ್ವರ್ಡ್: ಇಡೀ ಜಾಯಿಕಾಯಿ ತೇದು ಹಾಲಲ್ಲಿ ಕುಡಿದರೆ ನಿದ್ದೆ ಗ್ಯಾರಂಟಿ. ಎಲ್ಲರಿಗೂ ಕಳಿಸಿ.

ಕೌನ್ಸೆಲರ್: ಯಾರಿಗೂ ಕಳಿಸಬೇಡಿ. ಜಾಯಿಕಾಯಿ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ.

ಪೆರ್ಲದ ತಾಯಿ: ಮಗಳು ಬಿಎಸ್ಸಿ ಎರಡನೇ ವರ್ಷ. ಮೇ ತಿಂಗಳಲ್ಲಿ ಅವಳ ಅಜ್ಜ ಕೊರೊನಾದಿಂದ ಹೋದರು. ಮುಖ ನೋಡಲೂ ಆಗಲಿಲ್ಲ. ಈಗ ಸರಿಯಾಗಿ ಊಟ ಮಾಡಲ್ಲ, ಕ್ಲಾಸಿಗೂ ಕೂರಲ್ಲ. ನಿನ್ನೆ ಗೆಜ್ಜೆಯನ್ನು ತಂಗಿಗೆ ಕೊಟ್ಟು 'ನನಗಿನ್ನು ಬೇಡ' ಅಂದಳು. ಇದು ಸೋಮಾರಿತನವಾ?

ಕೌನ್ಸೆಲರ್: ಅಲ್ಲ. ಆ ಗೆಜ್ಜೆಯ ವಿಷಯ ಓದಿ ನನಗೆ ಭಯವಾಯಿತು. ಇಷ್ಟದ ವಸ್ತುಗಳನ್ನು ಕೊಟ್ಟುಬಿಡುವುದನ್ನು ನಾವು ಎಚ್ಚರಿಕೆಯ ಲಕ್ಷಣ ಎಂದೇ ನೋಡುತ್ತೇವೆ. ಈಗಲೇ ಅವಳ ಹತ್ತಿರ ಕೂತು ನೇರವಾಗಿ ಕೇಳಿ, 'ಸಾಯಬೇಕು ಅನಿಸುತ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು. ಹೌದು ಅಂದರೆ ಗದರಬೇಡಿ, ಒಬ್ಬಳನ್ನೇ ಬಿಡಬೇಡಿ. ತೋಟಕ್ಕೆ ಬಿಡುವ ಮದ್ದು, ಮನೆಯ ಮಾತ್ರೆಗಳು ಎಲ್ಲಕ್ಕೂ ಬೀಗ ಹಾಕಿ. ಕೇರಳ ಸರ್ಕಾರದ ಸಹಾಯವಾಣಿ ದಿಶಾ 1056 ಹಗಲು ರಾತ್ರಿ ಸಿಗುತ್ತದೆ. ಮನೋವೈದ್ಯರನ್ನು ಕಾಣಲೇಬೇಕು. ಅಜ್ಜನ ಮಾತು ಬಂದರೆ ಅಳಲು ಬಿಡಿ. ಕೊನೆಯ ಸಲ ನೋಡಲಾಗದ ದುಃಖ ಸುಲಭಕ್ಕೆ ಇಳಿಯುವುದಿಲ್ಲ. ಅವಳೇನು ಹೇಳಿದಳು ಎಂದು ನನ್ನ ಇನ್‌ಬಾಕ್ಸಿಗೆ ಬರೆಯಿರಿ, ಇಲ್ಲಿ ಬೇಡ.

ಮಂಜೇಶ್ವರದ ತಂದೆ: ಕಷ್ಟ ಬಂದರೇ ಮಕ್ಕಳು ಗಟ್ಟಿಯಾಗೋದು. ಸುಮ್ನೆ ಹೆದರಿಸಬೇಡಿ.

ಕೌನ್ಸೆಲರ್: ಆಘಾತದ ನಂತರದ ಬೆಳವಣಿಗೆ ಬಗ್ಗೆ 1990ರ ದಶಕದಲ್ಲೇ ಬರೆದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್. ಕಷ್ಟ ತಾನಾಗಿ ಬೆಳೆಸುತ್ತದೆ ಎಂದು ಅವರೂ ಹೇಳಲಿಲ್ಲ. ಅದರ ಜೊತೆ ಸೆಣಸುವಾಗ ಕೆಲವರಿಗೆ ತಮ್ಮ ಶಕ್ತಿ ತಿಳಿಯುತ್ತದೆ, ಹತ್ತಿರದವರ ಬೆಲೆ ತಿಳಿಯುತ್ತದೆ. ನೋವೂ ಅಲ್ಲೇ ಇರುತ್ತದೆ. ಅದಕ್ಕೆ ಜೊತೆಗೊಬ್ಬರು ಬೇಕು. ಗಟ್ಟಿಯಾಗು ಎಂದು ದೂರ ನಿಂತು ಹೇಳುವವರಲ್ಲ.

ಬದಿಯಡ್ಕದ ವಿದ್ಯಾರ್ಥಿ: ಅಂಕಲ್, ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಕೊರೊನಾ ಟೆಸ್ಟ್ ರಿಪೋರ್ಟ್ ಬೇಕು. ನಾವು ಪರೀಕ್ಷೆಗೆ ಓದೋದಾ, ಟೆಸ್ಟಿಗೆ ಕ್ಯೂ ನಿಲ್ಲೋದಾ?

ಮಂಜೇಶ್ವರದ ತಂದೆ: ನಿಯಮ ಅಂದರೆ ನಿಯಮ.

ಮುಳ್ಳೇರಿಯದ ಸದಸ್ಯ: 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿ ರಸ್ತೆಗೆ ಮಣ್ಣು ಸುರಿದು ರೋಗಿಗಳನ್ನೂ ತಡೆದರಲ್ಲ, ಅದೂ ನಿಯಮವಾ?

ಮಂಜೇಶ್ವರದ ತಂದೆ: ಕೇರಳದ ಕೇಸ್ ಎಷ್ಟಿದೆ ನೋಡಿ ಮಾತಾಡಿ.

ಮುಳ್ಳೇರಿಯದ ಸದಸ್ಯ: ನೀವೂ ಕೇರಳದಲ್ಲೇ ಇರೋದು ಸ್ವಾಮಿ.

ನೀರ್ಚಾಲಿನ ವಿದ್ಯಾರ್ಥಿನಿ: ಕಾಲೇಜು ತೆರೆದರೆ ಜನರ ನಡುವೆ ಕೂರೋದು ಹೇಗೆ ಅಂತ ಭಯ. ನನಗೆ ಮಾತ್ರ ಹೀಗಾ?

ಉಪ್ಪಳದ ಸದಸ್ಯ: ನಿದ್ದೆ ಬರಲು ಏನು ಮಾಡಬೇಕು?

ಕೌನ್ಸೆಲರ್: ಮೇಲೆ ಇದೆ. ಓದಿ.

ಉಪ್ಪಳದ ಸದಸ್ಯ: ಅಣ್ಣನ ನಿದ್ದೆ ಮಾತ್ರೆ ತಗೊಳ್ಳಬಹುದಾ?

ಕೌನ್ಸೆಲರ್: ಬೇಡ.

ಕುಂಬಳೆಯ ಸದಸ್ಯ: ಫಾರ್ವರ್ಡ್: ಖಿನ್ನತೆಗೆ ಮೂರು ದಿನದ ಕಷಾಯ.

ಕೌನ್ಸೆಲರ್: ಅಳಿಸಿ. ಇಂಥದ್ದನ್ನು ನಂಬಿ ವೈದ್ಯರ ಹತ್ತಿರ ತಡವಾಗಿ ಬರುವವರನ್ನು ನಾನು ನೋಡುತ್ತಿದ್ದೇನೆ. ಗಡಿ ಜಗಳವೂ ಸಾಕು. ಪೆರ್ಲದ ತಾಯಿ, ಕೇಳಿದಿರಾ?

ಪೆರ್ಲದ ತಾಯಿ: ಇನ್‌ಬಾಕ್ಸ್ ನೋಡಿ ಮೇಡಂ.

ಕೌನ್ಸೆಲರ್: ನೋಡಿದೆ. ಕರೆ ಮಾಡುತ್ತಿದ್ದೇನೆ, ಅವಳ ಪಕ್ಕದಲ್ಲೇ ಕೂತು ಫೋನ್ ತೆಗೆಯಿರಿ. ಉಳಿದವರು ನಾಳೆ ಕೇಳಿ.