ರೋಬೋಟ್ ಮಂಡಿ ಆಪರೇಷನ್: ಕಾಲು ಪೂರ್ತಿ ನೇರ ಮಾಡಿಸಬೇಕಾ?

ಪ್ರಶ್ನೆ: ಅಮ್ಮನಿಗೆ 66 ವರ್ಷ. ಎರಡೂ ಮಂಡಿ ಸವೆದು ಕಾಲು ಬಿಲ್ಲಿನ ಹಾಗೆ ಬಾಗಿವೆ. ಮಂಡಿ ಕೀಲು ಬದಲಿಸುವ ಆಪರೇಷನ್‌ನಲ್ಲಿ ಕಾಲಿನ ಕೋನ ಹೊಂದಿಸಲು ಒಬ್ಬ ಡಾಕ್ಟರು ಮೆಕ್ಯಾನಿಕಲ್ ಅಲೈನ್‌ಮೆಂಟ್ ಅಂದರು, ಇನ್ನೊಬ್ಬರು ಫಂಕ್ಷನಲ್ ಅಂದರು. ಇಬ್ಬರದೂ ರೋಬೋಟೇ. ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಮೈಸೂರಿನಿಂದ: ನಮ್ಮ ಅತ್ತೆಗೆ ಬಲಗಾಲಿಗೆ ಮೆಕ್ಯಾನಿಕಲ್, ಎರಡು ವರ್ಷ ಬಿಟ್ಟು ಎಡಗಾಲಿಗೆ ಫಂಕ್ಷನಲ್ ಆಗಿದೆ. ಮೆಕ್ಯಾನಿಕಲ್‌ನಲ್ಲಿ ಸೊಂಟದ ಕೀಲು, ಮಂಡಿ, ಕಣಕಾಲು ಒಂದೇ ಗೆರೆಗೆ ಬರಬೇಕು, ಅಂದರೆ 180 ಡಿಗ್ರಿ. ಆದರೆ ಮಂಡಿ ಸವೆಯೋಕೆ ಮುಂಚೆಯೂ ಎಷ್ಟೋ ಜನರ ಕಾಲು ಅಷ್ಟು ನೇರ ಇರೋದಿಲ್ಲ. ಅಂಥ ಕಾಲನ್ನು ನೇರ ಮಾಡಿದರೆ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಬಿಗಿಯಾಗುತ್ತದೆ, ಅದನ್ನು ಬಿಡಿಸಿ ಸಡಿಲ ಮಾಡಬೇಕಾಗುತ್ತದೆ. ಫಂಕ್ಷನಲ್‌ನಲ್ಲಿ ಹಾಗಲ್ಲ. ಡಾಕ್ಟರು ಮಂಡಿಯನ್ನು ಆ ಕಡೆ ಈ ಕಡೆ ಎಳೆದು, ಎಷ್ಟು ಮಿಲಿಮೀಟರ್ ಸಂದು ಬಿಡುತ್ತದೆ ಅಂತ ಸ್ಕ್ರೀನ್‌ನಲ್ಲಿ ನೋಡುತ್ತಾರೆ. ಮೂಳೆ ಕತ್ತರಿಸುವ ಮೊದಲೇ ಲಿಗಮೆಂಟಿಗೆ ಹೊಂದುವ ಹಾಗೆ ಕೋನ ಬದಲಿಸುತ್ತಾರೆ. ಒಂದೆರಡು ಡಿಗ್ರಿ ಬಾಗು ಉಳಿಯಬಹುದು.

ಬಲಗಾಲು ಆದಾಗ ಅತ್ತೆ ತಿಂಗಳುಗಟ್ಟಲೆ ಹೊಸ್ತಿಲ ಹತ್ತಿರ ನಿಂತು, ಚೌಕಟ್ಟು ಹಿಡಿದು, ಕೆಳಗೆ ನೋಡಿಯೇ ಕಾಲೆತ್ತುತ್ತಿದ್ದರು. "ಈ ಕಾಲು ಯಾರದ್ದೋ ಅನ್ನಿಸುತ್ತೆ ಕಣೇ" ಅನ್ನೋರು. ಎಡಗಾಲು ಆದ ಮೇಲೆ ಐದನೇ ವಾರವೇ ನೋಡದೆ ದಾಟಿದರು. ನನಗೆ ಕಣ್ಣು ತುಂಬಿತು. ಆದರೆ ಎರಡನೇ ಸಲ ವ್ಯಾಯಾಮ ಎಲ್ಲ ಗೊತ್ತಿತ್ತು, ಹೆದರಿಕೆಯೂ ಇರಲಿಲ್ಲ. ಅದೂ ಲೆಕ್ಕಕ್ಕೆ ಬರುತ್ತೆ ಅಲ್ವಾ? ಈಗ ಎರಡೂ ಕಾಲು ಒಂದೇ ಥರ ಮೆಟ್ಟಿಲು ಹತ್ತುತ್ತವೆ.

ದಾವಣಗೆರೆಯಿಂದ: ರೋಬೋಟ್ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಅದು ಅಳೆಯುತ್ತದೆ, ಹೇಳಿದ ಕೋನಕ್ಕೆ ಕತ್ತರಿಸಲು ಸಹಾಯ ಮಾಡುತ್ತದೆ. ಯಾವ ಕೋನ ಅನ್ನೋದು ಡಾಕ್ಟರ ನಿರ್ಧಾರ. ಒಂದೇ ಮೆಷಿನ್‌ನಲ್ಲಿ ಎರಡೂ ರೀತಿ ಮಾಡಬಹುದು. ಅಮ್ಮನನ್ನು ನಿಲ್ಲಿಸಿ ಸೊಂಟದಿಂದ ಪಾದದವರೆಗೆ ಎಕ್ಸ್‌ರೇ ತೆಗೆಸಿದ್ದಾರಾ ಕೇಳಿ. ಎಷ್ಟು ಡಿಗ್ರಿ ಬಾಗು ಬಿಡುತ್ತೀರಿ, ಯಾಕೆ, ಈ ರೀತಿ ಎಷ್ಟು ಮಾಡಿದ್ದೀರಿ ಅಂತಲೂ ಕೇಳಿ. ಮೆಕ್ಯಾನಿಕಲ್‌ಗೆ ದಶಕಗಳ ಅನುಭವ ಇದೆ. ಫಂಕ್ಷನಲ್ ಹೊಸದು, 20 ವರ್ಷದ ಫಲಿತಾಂಶ ಇನ್ನೂ ಯಾರ ಕೈಯಲ್ಲೂ ಇಲ್ಲ. ಬಾಗು ತುಂಬಾ ಜಾಸ್ತಿ ಇದ್ದರೆ ನಾನಾದರೆ ಆ ಫಲಿತಾಂಶ ಇಲ್ಲದಿರುವುದನ್ನೂ ಯೋಚಿಸುತ್ತಿದ್ದೆ.

ಹುಬ್ಬಳ್ಳಿಯಿಂದ: ನಾನು ಫಿಸಿಯೋಥೆರಪಿಸ್ಟ್. ಯಾವ ರೀತಿ ಮಾಡಿಸಿದರೂ ಮಂಡಿ ಕೆಳಗೆ ದಿಂಬು ಇಟ್ಟು ಮಲಗಲು ಬಿಡಬೇಡಿ. ಹಿತ ಅನ್ನಿಸುತ್ತದೆ, ಆದರೆ ಮಂಡಿ ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ. ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಡಿ.