ಸ್ಪಾನ್ ಮರಿಗಳ ಆಹಾರಕ್ಕೆ ಪ್ರಿಬಯಾಟಿಕ್ ಬೆರೆಸಿದವರು ಅನುಭವ ತಿಳಿಸಿ

ಕೇಳಿದವರು, ದಾವಣಗೆರೆ ಕಡೆಯ ರೈತ:
ಭದ್ರಾ ಕಾಲುವೆಯ ಬದಿಯಲ್ಲಿ ಐದು ಗುಂಟೆಯ ನರ್ಸರಿ ಕೊಳ ಇದೆ. ಕಾಟ್ಲಾ, ರೋಹು ಸ್ಪಾನ್ (ಮೊಟ್ಟೆಯೊಡೆದು ಕೆಲವೇ ದಿನವಾದ ಮರಿ) ತಂದು ಬೆಳೆಸಿ ಬಿತ್ತನೆ ಮರಿಯಾಗಿ ಮಾರುತ್ತೇನೆ. ನೂರಕ್ಕೆ ಮೂವತ್ತು ಮರಿಯೂ ದಕ್ಕುತ್ತಿಲ್ಲ. ಹೆಚ್ಚಿನ ಸಾವು ಮೊದಲ ವಾರದಲ್ಲೇ. ಯೀಸ್ಟ್‌ನಿಂದ ತೆಗೆದ ಎಂಒಎಸ್ (ಮನ್ನಾನ್ ಆಲಿಗೋಸ್ಯಾಕರೈಡ್) ಎಂಬ ಪ್ರಿಬಯಾಟಿಕ್, ಅಂದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ನೆರವಾಗುವ ಪುಡಿಯನ್ನು ಆಹಾರಕ್ಕೆ ಬೆರೆಸಿ ಎಂದು ಅಂಗಡಿಯವರು ಹೇಳುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಮಂಡ್ಯದ ಮರಿ ಸಾಕಣೆದಾರ:
ನಾನು ಬಳಸುತ್ತೇನೆ, ಬಿಡುವುದಿಲ್ಲ. ನನಗೆ ಗುಣ ಕಂಡಿದ್ದು ಮರಿ ಹಿಡಿದು ಸಾಗಿಸುವಾಗ. ಬಲೆ ಎಳೆದು, ಹಾಪಾದಲ್ಲಿ (ನೀರಲ್ಲಿ ಕಟ್ಟುವ, ಪೆಟ್ಟಿಗೆಯಂತಹ ಬಲೆಯ ಚೀಲ) ಇಟ್ಟು, ಆಮ್ಲಜನಕ ತುಂಬಿದ ಚೀಲದಲ್ಲಿ ಕಳುಹಿಸಿದರೂ ಮರಿ ಸೊರಗುವುದಿಲ್ಲ. ಮೊದಲ ವಾರದ ಸಾವು ಇದರಿಂದ ನಿಂತಿತು ಎಂದು ಮಾತ್ರ ಹೇಳಲಾರೆ.

ಶಿವಮೊಗ್ಗದಿಂದ, ಮೀನುಮರಿ ಕೇಂದ್ರದಲ್ಲಿ ದುಡಿದು ನಿವೃತ್ತನಾದವನು:
ಮಂಡ್ಯದವರ ಮಾತು ಸರಿ. ಸ್ಪಾನ್ ಒಂದನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಮೈ ಪಾರದರ್ಶಕ, ಕರುಳು ಕೂದಲೆಳೆಯಷ್ಟು ಸಣ್ಣ ಗೆರೆ. ಮೊಟ್ಟೆಯೊಡೆದ ಸುಮಾರು ಮೂರು ದಿನಕ್ಕೆ ಹೊಟ್ಟೆಗಂಟಿದ ಆಹಾರದ ಹಳದಿ ಚೀಲ ಕರಗುತ್ತದೆ, ಆಮೇಲೆ ಬಾಯಿಗೆ ಬೇಕಾದದ್ದು ರೋಟಿಫರ್, ಮೊಯಿನಾದಂತಹ ಜೀವಂತ ಆಹಾರ, ಅಂದರೆ ನೀರಲ್ಲಿ ತೇಲುವ ಅತಿ ಸಣ್ಣ ಜೀವಿಗಳಾದ ಪ್ಲಾಂಕ್ಟನ್. ಹಿಂಡಿ, ತೌಡು ಆಗ ಹೆಚ್ಚಾಗಿ ನೀರಿಗೆ ಗೊಬ್ಬರವಾಗುತ್ತದೆ. ತಿನ್ನದ ಆಹಾರಕ್ಕೆ ಬೆರೆಸಿದ ಪುಡಿ ಮರಿಯ ಕರುಳನ್ನು ತಲುಪುವುದು ಹೇಗೆ?

ಆದ್ದರಿಂದ ಮೊದಲು ಕೊಳ ನೋಡಿ. ಪ್ಲಾಂಕ್ಟನ್ ಬಲೆಯಲ್ಲಿ 50 ಲೀಟರ್ ನೀರು ಸೋಸಿದರೆ 1ರಿಂದ 2 ಮಿ.ಲೀ. ಪ್ಲಾಂಕ್ಟನ್ ಕೂರಬೇಕು. ಅದಿಲ್ಲದೆ ಸ್ಪಾನ್ ಬಿಡಬೇಡಿ. ಇನ್ನೊಂದು ಶತ್ರು ನೀರುಹುಳು, ಸ್ಪಾನನ್ನು ಹಿಡಿದು ಹೀರಿಬಿಡುತ್ತದೆ. ಬಿಡುವುದಕ್ಕೆ 12ರಿಂದ 24 ಗಂಟೆ ಮುಂಚೆ ಸೋಪು-ಎಣ್ಣೆ ಮಿಶ್ರಣ ಹರಡಿ, ನೀರಿನ ಮೇಲಿನ ಎಣ್ಣೆಯ ಪದರ ಹುಳುವಿನ ಉಸಿರು ಕಟ್ಟಿಸುತ್ತದೆ. ಹೆಕ್ಟೇರಿಗೆ 56 ಕೆ.ಜಿ. ಎಣ್ಣೆ, 18 ಕೆ.ಜಿ. ಸೋಪು ಎಂಬ ಲೆಕ್ಕದಲ್ಲಿ ನಿಮ್ಮ ಐದು ಗುಂಟೆಗೆ ಸುಮಾರು 2.8 ಕೆ.ಜಿ. ಎಣ್ಣೆ, 900 ಗ್ರಾಂ ಸೋಪು ಸಾಕು. ಗಾಳಿ ಬೀಸುವಾಗ ಹಾಕಿದರೆ ಪದರ ಒಡೆದು ಹುಳು ಉಸಿರಾಡಿಕೊಂಡು ಬದುಕುತ್ತದೆ. ನಿಮ್ಮ ಮೊದಲ ವಾರದ ಸಾವಿಗೆ ಈ ಎರಡರಲ್ಲೇ ಕಾರಣವಿದೆ ಎಂಬುದು ನನ್ನ ಬಲವಾದ ಅನುಮಾನ.

ಎಂಒಎಸ್ ಬೇಡ ಎನ್ನುತ್ತಿಲ್ಲ. ಯೀಸ್ಟ್ ಕೋಶದ ಗೋಡೆಯಿಂದ ಬರುವ ಈ ಸಕ್ಕರೆಯ ಸರಣಿಗೆ ಕೆಲವು ರೋಗಾಣುಗಳು ಅಂಟಿಕೊಂಡು, ಕರುಳಿನ ಗೋಡೆಗೆ ಅಂಟದೆ ಹೊರಹೋಗುತ್ತವೆ. ಮರಿ ಪುಡಿ ಆಹಾರವನ್ನು ಚೆನ್ನಾಗಿ ತಿನ್ನತೊಡಗಿದ ಮೇಲೆ, ಅಂದರೆ ಕೊಳಕ್ಕೆ ಬಿಟ್ಟ ಆರನೇ ದಿನದಿಂದ ಆರಂಭಿಸಿ. ಆಗ ಲಕ್ಷ ಮರಿಗೆ ದಿನಕ್ಕೆ ಸುಮಾರು 1.2 ಕೆ.ಜಿ. ಆಹಾರ. ಕೆ.ಜಿ.ಗೆ 2 ಗ್ರಾಂ ಎಂದರೂ ಎರಡೂವರೆ ಗ್ರಾಂ ಪುಡಿ ದಾಟುವುದಿಲ್ಲ, ಖರ್ಚು ಅತ್ಯಲ್ಪ. ಅಷ್ಟು ಕಡಿಮೆ ಪುಡಿ ಒಂದೇ ಕಡೆ ಕೂರುತ್ತದೆ. ಮೊದಲು ಒಂದು ಹಿಡಿ ನುಣ್ಣನೆಯ ತೌಡಿಗೆ ಬೆರೆಸಿ, ಅದನ್ನು ಉಳಿದ ತೌಡು, ಕಡಲೆಕಾಯಿ ಹಿಂಡಿಗೆ ಸೇರಿಸಿ, ಬಟ್ಟೆಯಲ್ಲಿ ಜರಡಿ ಹಿಡಿಯಿರಿ.

ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದು ಸುರಿಯಬೇಡಿ. ಇನುಲಿನ್ ಎಂಬ ಇನ್ನೊಂದು ಪ್ರಿಬಯಾಟಿಕ್ಕನ್ನು ಆಹಾರದ ಶೇ. 15ರಷ್ಟು ಕೊಟ್ಟಾಗ ಆರ್ಕ್ಟಿಕ್ ಚಾರ್ ಮೀನಿನ ಕರುಳಿನ ಕೋಶಗಳೇ ಹಾನಿಗೊಂಡದ್ದು 2001ರಲ್ಲಿ ವರದಿಯಾಗಿದೆ.

ಕುಮಟಾ ಕಡೆಯ ಹ್ಯಾಚರಿ ಕೆಲಸಗಾರ:
ಸಮುದ್ರ ಮೀನಿನ ಮರಿಗೆ ನಾವು ಇನ್ನೊಂದು ದಾರಿ ಹಿಡಿಯುತ್ತೇವೆ. ಪುಡಿಯನ್ನು ಆರ್ಟೀಮಿಯಾಕ್ಕೆ (ಉಪ್ಪುನೀರಿನ ಸಣ್ಣ ಸಿಗಡಿಯಂತಹ ಜೀವಿ) ತಿನ್ನಿಸಿ, ಆ ಆರ್ಟೀಮಿಯಾವನ್ನು ಮರಿಗೆ ಕೊಡುವುದು. ಆದರೆ ಈಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾಕ್ಕೆ ಬಾಯಿ ತೆರೆದಿರುವುದಿಲ್ಲ. ಒಮ್ಮೆ ಪೊರೆ ಕಳಚಿದ ಮೇಲಷ್ಟೇ ಅದು ತಿನ್ನುತ್ತದೆ. ಮಣ್ಣಿನ ಕೊಳಕ್ಕೆ ಇದು ದುಬಾರಿ, ತೊಟ್ಟಿಯಲ್ಲಿ ಸಾಕುವವರಿಗೆ ಹೊಂದುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಕೊಳದ ನಡುವೆ ಬಲೆ ಕಟ್ಟಿ ಎರಡು ಭಾಗ ಮಾಡಿ, ಒಂದಕ್ಕೆ ಮಾತ್ರ ಪುಡಿ ಹಾಕಿ ನೋಡಲೇ?

ಶಿವಮೊಗ್ಗದಿಂದ:
ನೀರು ಎರಡೂ ಕಡೆ ಓಡಾಡುತ್ತದೆ, ತೇಲುವ ಪುಡಿಯೂ ದಾಟುತ್ತದೆ. ಅದರ ಬದಲು ನುಣ್ಣನೆಯ ಬಲೆಯ ಹಾಪಾಗಳನ್ನು ದೂರ ದೂರ ಕಟ್ಟಿ, ಒಂದೇ ತಂಡದ ಸ್ಪಾನನ್ನು ಅಳೆದು ಬಿಡಿ. ಪುಡಿ ಹಾಕುವ ಹಾಪಾ ಕೆಲವು, ಹಾಕದ್ದು ಅಷ್ಟೇ ಇರಲಿ. ಮರಿ ತೆಗೆಯುವಾಗ ಬೇರೆ ಬೇರೆ ಎಣಿಸಿ, ಲೆಕ್ಕವನ್ನು ಇಲ್ಲೇ ಹಾಕಿ.